ಬೆಲ್ಲನ ತಟ್ಟೆ, ಕರಿಯಮ್ಮನ ತಟ್ಟೆ

ನಮ್ಮ ಬೆಕ್ಕಿಗೆ ಶುಗರ್ ಇದೆ ಅಂದಾಗ ನಗದೇ ಇದ್ದವರು ನಮ್ಮ ಅತ್ತೆ ಒಬ್ಬರೇ. ಅವನ ಹೆಸರು ಬೇರೆ ಬೆಲ್ಲ. ಮರಿಯಾಗಿದ್ದಾಗ ಉಂಡೆ ಬೆಲ್ಲದ ಬಣ್ಣ ಇದ್ದ ಅಂತ ನನ್ನ ಗಂಡ ಇಟ್ಟ ಹೆಸರು. "ಬೆಲ್ಲನಿಗೆ ಸಕ್ಕರೆ ಕಾಯಿಲೆಯಂತೆ" ಅಂತ ನನ್ನ ಜೆರಾಕ್ಸ್ ಅಂಗಡಿಗೆ ಬರುವ ಕಾಲೇಜು ಹುಡುಗರು ಒಂದು ವಾರ ನಕ್ಕರು. ಅತ್ತೆಗೆ 18 ವರ್ಷದಿಂದ ಶುಗರ್. ಅವರು ಕೇಳಿದ್ದು ಒಂದೇ ಮಾತು: "ಊಟಕ್ಕೆ ಮುಂಚೆ ಎಷ್ಟಿತ್ತು?"

ಗುರುತು ಹಿಡಿದವರೂ ಅವರೇ. ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿ ಕಡೆ. ಎರಡು ವರ್ಷದ ಹಿಂದಿನ ಏಪ್ರಿಲ್. ಬೆಲ್ಲ ಬಚ್ಚಲುಮನೆ ಬಕೆಟ್‌ಗೆ ಬಾಯಿ ಹಾಕಿ ಲೊಚಲೊಚ ಅಂತ ನೀರು ಕುಡಿಯುತ್ತಿದ್ದ. ಸೆಕೆ ಜಾಸ್ತಿ, ಕುಡೀಲಿ ಬಿಡು ಅಂದುಕೊಂಡಿದ್ದೆ. ಮರಳಿನ ಟ್ರೇ ಎತ್ತುವಾಗ ಮೊದಲಿಗಿಂತ ಭಾರ ಅನ್ನಿಸುತ್ತಿತ್ತು. ಆದರೆ ನಾಲ್ಕು ಬೆಕ್ಕು ಓಡಾಡುವ ಮನೆಯಲ್ಲಿ ಯಾರು ಎಷ್ಟು ಹೊಯ್ದರು ಅಂತ ಯಾರು ಲೆಕ್ಕ ಇಡುತ್ತಾರೆ? ಒಂದು ದಿನ ಅವನು ಹಿತ್ತಲ ಚಪ್ಪಡಿಯ ಮೇಲೆ ಉಚ್ಚೆ ಹೊಯ್ದಿದ್ದ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇರುವೆ ಮುತ್ತಿತ್ತು. ಅತ್ತೆ ನನ್ನನ್ನು ಕರೆದು ತೋರಿಸಿದರು. "ನಮ್ಮಪ್ಪಂಗೂ ಹಿಂಗೇ ಆಗಿತ್ತು ಕಣೇ. ಇದನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು."

ಹೋದೆ. ಒಂದು ಕಾಲಕ್ಕೆ 7.2 ಕೆಜಿ ತೂಗುತ್ತಿದ್ದವನು 5.4ಕ್ಕೆ ಇಳಿದಿದ್ದ. ತಿನ್ನುವುದು ಮಾತ್ರ ಹಿಂದಿಗಿಂತ ಜಾಸ್ತಿ. ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ, ಮೊಲದ ಥರ ನಡೆಯುತ್ತಿದ್ದ. ವಯಸ್ಸಾಯಿತು, 9 ವರ್ಷ, ಕೀಲು ನೋವಿರಬೇಕು ಅಂದುಕೊಂಡಿದ್ದೆ. ಶುಗರ್ ಏರಿ ನರ ಸೋತಾಗ ಬೆಕ್ಕು ಹೀಗೆ ನಡೆಯುತ್ತದೆ ಅಂತ ಡಾಕ್ಟ್ರು ಹೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ರಕ್ತದಲ್ಲಿ 412 ಬಂತು. ಹೆದರಿದ ಬೆಕ್ಕಿಗೆ ಆ ಗಳಿಗೆಯಲ್ಲಿ ಸುಮ್ನೆ ಕೂಡ ಶುಗರ್ ಏರುತ್ತದಂತೆ. ಆದ್ದರಿಂದ ಉಚ್ಚೆಯಲ್ಲೂ ನೋಡಿದರು, ಜೊತೆಗೆ ಫ್ರಕ್ಟೋಸಮೈನ್ ಅನ್ನುವ ಇನ್ನೊಂದು ಪರೀಕ್ಷೆಗೆ ರಕ್ತ ಕಳಿಸಿದರು. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ. ಮೂರೂ ಒಂದೇ ಮಾತು ಹೇಳಿದವು. ಸಂತಾನಹರಣ ಆಪರೇಷನ್ ಆದ ಗಂಡು, ಹೆಚ್ಚು ಹೊತ್ತು ಮನೆಯೊಳಗೇ ಇರುವವನು, ದಪ್ಪ, ನಡುವಯಸ್ಸು. ಈ ಕಾಯಿಲೆ ಹುಡುಕಿಕೊಂಡು ಬರುವುದೇ ಇಂಥವರನ್ನು.

ಇಲ್ಲಿ ನಮ್ಮ ಮನೆಯ ಊಟದ ಬಗ್ಗೆ ಹೇಳಬೇಕು. ನಮ್ಮದು ಮಾಂಸ ತಿನ್ನದ ಮನೆ. ಬೆಕ್ಕುಗಳಿಗೆ ಹಾಲು, ಮೊಸರನ್ನ, ಮತ್ತೆ ಅಂಗಡಿಯ ಡ್ರೈ ಫುಡ್. ಡ್ರೈ ಫುಡ್‌ನಲ್ಲೂ ಕೋಳಿ ಇರುತ್ತದೆ. ಆದರೆ ನೋಡೋಕೆ ಹುರಿದ ಕಾಳಿನ ಹಾಗಿರುತ್ತದಲ್ಲ, ಯಾರಿಗೂ ಅದು ಮಾಂಸ ಅನ್ನಿಸಿರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಸ್ಟೀಲ್ ಬೋಗುಣಿ ತುಂಬಾ ದಿನವಿಡೀ ಇರುತ್ತಿತ್ತು. ಯಾರು ಬೇಕಾದರೂ ಬಂದು ತಿನ್ನಬಹುದು. ನಾನು ಅದನ್ನು ದಾಸೋಹ ಅಂತ ಹೆಮ್ಮೆಯಿಂದ ಕರೆಯುತ್ತಿದ್ದೆ.

ಬೆಕ್ಕಿನ ಮೈ ಅದಕ್ಕೆ ಹೊಂದಿದ್ದಲ್ಲ. ಅದರ ಜೊಲ್ಲಿನಲ್ಲಿ ಹಿಟ್ಟಿನ ಪದಾರ್ಥ ಕರಗಿಸುವ ಶಕ್ತಿಯೇ ಇಲ್ಲ. ಒಂದೇ ಸಲಕ್ಕೆ ಬಂದ ಸಕ್ಕರೆಯನ್ನು ಎತ್ತಿಟ್ಟುಕೊಳ್ಳುವ ಕೆಲಸದಲ್ಲಿ ಅದರ ಲಿವರ್ ನಮ್ಮದಕ್ಕಿಂತ ನಿಧಾನ. ಅದಕ್ಕೆ ಬೇಕಾದ ಶಕ್ತಿ ಮಾಂಸದ ಪ್ರೋಟೀನ್ ಮತ್ತು ಕೊಬ್ಬಿನಿಂದಲೇ ಬರಬೇಕು. ಡಾಕ್ಟ್ರು ಹೇಳಿದ ಲೆಕ್ಕ ಸರಳ: ಬೆಲ್ಲನಿಗೆ ಸಿಗುವ ಒಟ್ಟು ಶಕ್ತಿಯಲ್ಲಿ ಕಾರ್ಬೋಹೈಡ್ರೇಟ್‌ನಿಂದ ಬರುವುದು ನೂರಕ್ಕೆ 12 ದಾಟಬಾರದು.

ಅದನ್ನು ಕಂಡುಹಿಡಿಯುವುದು ಹೇಗೆ ಅಂತ ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಬರೆದಿರುತ್ತಾರೆ. ಕೆಲವರು ಬೂದಿ, ಅಂದರೆ ಸುಟ್ಟರೆ ಉಳಿಯುವ ಖನಿಜ, ಎಷ್ಟು ಅಂತಲೂ ಬರೆಯುತ್ತಾರೆ. ಇವನ್ನೆಲ್ಲ ಕೂಡಿ ನೂರರಿಂದ ಕಳೆದರೆ ಉಳಿದದ್ದು ಕಾರ್ಬೋಹೈಡ್ರೇಟ್. ನಮ್ಮ ಡ್ರೈ ಫುಡ್‌ನಲ್ಲಿ ಪ್ರೋಟೀನ್ 32, ಕೊಬ್ಬು 10, ನಾರು 4, ತೇವಾಂಶ 10, ಬೂದಿ 8. ಕೂಡಿದರೆ 64. ಅಂದರೆ ಕಾರ್ಬೋಹೈಡ್ರೇಟ್ 36. ಆಮೇಲೆ ಯಾವುದರಿಂದ ಎಷ್ಟು ಶಕ್ತಿ ಅಂತ ತಿಳಿಯೋಕೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಬೇಕು. 112, 126, 85. ಒಟ್ಟು 323ರಲ್ಲಿ 126. ನೂರಕ್ಕೆ 39! ಒಂದು ಪೌಚ್, ಅಂದರೆ ಪೊಟ್ಟಣದಲ್ಲಿ ಬರುವ ಹಸಿ ಊಟ, ತೆಗೆದುಕೊಂಡು ಅದೇ ಲೆಕ್ಕ ಹಾಕಿದೆ. ಪ್ರೋಟೀನ್ 10, ಕೊಬ್ಬು 5, ನಾರು 1, ತೇವಾಂಶ 80, ಬೂದಿ 2. ಉಳಿದದ್ದು 2. ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ 8. ಅಂಗಡಿಯಲ್ಲಿ ಹುಡುಗರಿಗೆ ಪ್ರಾಜೆಕ್ಟ್ ಟೈಪ್ ಮಾಡಿಕೊಡುವವಳು ನಾನು, ಅವತ್ತು ಬಿಲ್ ಪುಸ್ತಕದ ಹಿಂದೆ ಬೆಕ್ಕಿನ ಲೆಕ್ಕ ಬರೆದೆ. ಎಲ್ಲ ಪೌಚೂ ಹೀಗೇ ಇರುವುದಿಲ್ಲ. ಗ್ರೇವಿ ಗಟ್ಟಿಯಾಗಲಿ ಅಂತ ಪಿಷ್ಟ ಹಾಕಿದ್ದು ಎಷ್ಟೋ ಇವೆ. ನುಣ್ಣಗೆ ಅರೆದು ಒತ್ತಿದ ಥರದ್ದೇ ಸಾಮಾನ್ಯವಾಗಿ ವಾಸಿ.

ಇಂಜೆಕ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಹೆದರುವುದು ಅದಕ್ಕೇ, ಆದರೆ ಅದೇ ಸುಲಭ. ಗ್ಲಾರ್ಜಿನ್ ಇನ್ಸುಲಿನ್, 12 ಗಂಟೆಗೊಮ್ಮೆ, ಮೊದಲಿಗೆ 1 ಯೂನಿಟ್. ಬೆಳಿಗ್ಗೆ 7, ಸಂಜೆ 7. ಚರ್ಮ ಎತ್ತಿ ಹಿಡಿಯುವುದನ್ನು ಅತ್ತೆಯೇ ಕಲಿಸಿದರು. ಬೆಲ್ಲ ತಟ್ಟೆಗೆ ಬಾಯಿ ಹಾಕಿ, ಅರ್ಧ ತಿಂದ ಮೇಲೆ ಚುಚ್ಚುತ್ತೇನೆ. ಅವನು ತಲೆ ಎತ್ತುವುದೂ ಇಲ್ಲ. ತಿನ್ನದ ದಿನ ಮಾಮೂಲಿ ಡೋಸ್ ಕೊಡುವುದಿಲ್ಲ, ಡಾಕ್ಟ್ರಿಗೆ ಫೋನ್ ಮಾಡುತ್ತೇನೆ.

ಒಂದು ತಪ್ಪು ಮಾತ್ರ ಹೇಳಲೇಬೇಕು, ಯಾಕಂದರೆ ನಮ್ಮ ಊರುಗಳಲ್ಲಿ ಇದು ಯಾರ ಮನೆಯಲ್ಲಾದರೂ ಆಗಬಹುದು. ಜೂನ್‌ನಲ್ಲಿ ಒಂದು ಭಾನುವಾರ ಸಂಜೆ ಬೆಲ್ಲನ ಸಿರಿಂಜ್ ಮುಗಿದಿತ್ತು. ಅತ್ತೆಯ ಡಬ್ಬಿಯಲ್ಲಿ ಹೊಸ ಸಿರಿಂಜ್ ಇದ್ದವು. ಸಿರಿಂಜ್ ಸಿರಿಂಜೇ ಅಲ್ವಾ ಅಂತ ಒಂದು ತೆಗೆದುಕೊಂಡು, ಒಂದನೇ ಗೆರೆವರೆಗೆ ಎಳೆದು ಚುಚ್ಚಿದೆ. ಅತ್ತೆಯ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದರ ಸಿರಿಂಜ್‌ಗೆ ಕೆಂಪು ಮುಚ್ಚಳ. ಬೆಲ್ಲನದು ಒಂದು ಎಂಎಲ್‌ಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಕೆಂಪು ಮುಚ್ಚಳದ್ದರಲ್ಲಿ ಒಂದು ಗೆರೆ ಎಳೆದರೆ ಬೆಲ್ಲನಿಗೆ ಹೋಗುವುದು ಎರಡೂವರೆ ಯೂನಿಟ್. ರಾತ್ರಿ 11ಕ್ಕೆ ನೋಡಿದರೆ ಅವನು ಗೋಡೆಗೆ ಒರಗಿ ಕುಡಿದವನ ಹಾಗೆ ತೂಗಾಡುತ್ತಿದ್ದ. ಕಿವಿ ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿದೆ, ಶುಗರ್ ತೀರಾ ಇಳಿದಿತ್ತು: 46.

ಜೇನುತುಪ್ಪ ಬೆರಳಿಗೆ ಹಚ್ಚಿಕೊಂಡು ವಸಡಿಗೆ ಉಜ್ಜಿದೆ. ಬಾಯಿಗೆ ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅದೇ ಬೈಸಿಕೊಂಡ ಡ್ರೈ ಫುಡ್ಡನ್ನೇ ತಿನ್ನಿಸಿದೆ. ಆ ರಾತ್ರಿ ಅದೇ ಔಷಧಿ. ಡಾಕ್ಟ್ರು ಫೋನ್‌ನಲ್ಲಿ ಅರ್ಧ ಗಂಟೆಗೊಮ್ಮೆ ನೋಡಿ ಅಂದರು. ಬೆಳಗಿನ ಜಾವ 4ರವರೆಗೆ ಅವನ ಎರಡೂ ಕಿವಿ ಚುಚ್ಚಿ ಚುಚ್ಚಿ ನನ್ನ ಕೈ ನಡುಗುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತು ಗಡಿಯಾರ ನೋಡುತ್ತಿದ್ದರು. ಬೈಯಲಿಲ್ಲ. ಬೆಳಿಗ್ಗೆ ಎದ್ದು ತಮ್ಮ ಸಿರಿಂಜ್ ಡಬ್ಬಿಯನ್ನು ದೇವರ ಮನೆ ಕಪಾಟಿಗೆ ಸಾಗಿಸಿದರು.

ಈಗ ಊಟದ ವಿಷಯಕ್ಕೆ ಬರುತ್ತೇನೆ. ನಿಜವಾದ ಕಷ್ಟ ಅಲ್ಲೇ ಇದ್ದದ್ದು.

ಮನೆಯಲ್ಲಿ ಬೆಲ್ಲ ಬಿಟ್ಟು ಇನ್ನೂ ಇಬ್ಬರು, ಬೀದಿಯವನೊಬ್ಬ. ಕರಿಯಮ್ಮನಿಗೆ ಆಗ 13 ವರ್ಷ. ಒಂದು ಸಲಕ್ಕೆ ಎಂಟು ಹತ್ತು ಕಾಳು ತಿಂದು ಹೋಗುವವಳು, ದಿನಕ್ಕೆ ಹದಿನೈದು ಸಲ ಬರುವವಳು. ಪುಟ್ಟಿ ಮೂರು ತಿಂಗಳ ಮರಿ. ಬೆಳೆಯುವ ವಯಸ್ಸು, ಕೇಳಿದಷ್ಟು ಹಾಕಬೇಕು. ಮತ್ತೆ ಕಾಂಪೌಂಡ್ ಮೇಲಿನ ರೌಡಿ. ಅವನು ಯಾರ ಮನೆಯವನೂ ಅಲ್ಲ, ಎಲ್ಲರ ಮನೆಯವನು. ಎಡಗಿವಿ ಹರಿದಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಲ್ಲನಿಗೆ ಪೌಚ್, ಉಳಿದವರಿಗೆ ಮಾಮೂಲಿ. ಊಟದ ಹೊತ್ತಿಗೆ ಅವನನ್ನು ರೂಮಿನಲ್ಲಿ ಹಾಕಿ ಬಾಗಿಲು ಮುಚ್ಚುವುದು. ಅವನು ತಟ್ಟೆ ಕಡೆ ನೋಡದೆ ಬಾಗಿಲು ಕೆರೆದ. ಎರಡು ಹೊತ್ತು ತಿನ್ನಲಿಲ್ಲ. ನಾವಾದರೆ ಒಂದು ಏಕಾದಶಿ ಮಾಡಬಹುದು. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಹೊಟ್ಟೆ ಖಾಲಿ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಜೀವಕ್ಕೇ ಕುತ್ತು. ಹಸಿದರೆ ತಾನೇ ತಿನ್ನುತ್ತೆ ಅನ್ನುವ ಮಾತು ಬೆಕ್ಕಿನ ವಿಷಯದಲ್ಲಿ ಆಡಬಾರದು. ಬಾಗಿಲು ತೆಗೆದೆ. ಹೊರಗೆ ಬಂದವನು ನೇರ ಕರಿಯಮ್ಮನ ಬೋಗುಣಿಗೆ ಹೋದ. ಪುಟ್ಟಿ ಬಂದು ಅವನ ಪೌಚ್ ನೆಕ್ಕಿ ಮುಗಿಸಿತು.

ಆಮೇಲೆ ನಾನು ಬಹಳ ಬುದ್ಧಿ ಖರ್ಚು ಮಾಡಿ ಒಂದು ಏರ್ಪಾಟು ಮಾಡಿದೆ. ಬೆಲ್ಲನ ಹಿಂಗಾಲು ಸೋತಿತ್ತಲ್ಲ, ಅವನು ನೆಗೆಯಲಾರ. ಹಾಗಾಗಿ ಕರಿಯಮ್ಮನ ಡ್ರೈ ಫುಡ್ ಬೀರುವಿನ ಮೇಲೆ. ಅವಳಿಗೆ ಹತ್ತೋಕೆ ಅನುಕೂಲವಾಗಲಿ ಅಂತ ಪಕ್ಕದಲ್ಲಿ ಹೊಲಿಗೆ ಮೆಷೀನು, ಅದರ ಪಕ್ಕ ಸ್ಟೂಲು. ಪುಟ್ಟಿಗೆ ಮಂಡಿಯಿಂದ ತಂದ ಹಳೇ ಟೊಮೆಟೊ ಕ್ರೇಟು. ಅದನ್ನು ಬೋರಲು ಹಾಕಿ, ಒಂದು ಪಕ್ಕದಲ್ಲಿ ಮೂರೂವರೆ ಇಂಚಿನ ಕಿಂಡಿ ಕೊರೆಸಿದೆ. ಒಳಗೆ ಮರಿಯ ಊಟ, ಮೇಲೆ ರುಬ್ಬುಗುಂಡು. ಪುಟ್ಟಿ ಸರಾಗವಾಗಿ ಒಳಗೆ ಹೋಗುತ್ತಿತ್ತು. ಬೆಲ್ಲನ ತಲೆ ಮಾತ್ರ ಹೋಗುತ್ತಿತ್ತು, ಭುಜ ಹೋಗುತ್ತಿರಲಿಲ್ಲ. ಹೊರದೇಶದಲ್ಲಿ ಬೆಕ್ಕಿನ ಕತ್ತಿನ ಚಿಪ್ ಓದಿ ತಾನೇ ಮುಚ್ಚಳ ತೆರೆಯುವ ಬಟ್ಟಲು ಸಿಗುತ್ತದೆ. ನನ್ನ ಕ್ರೇಟಿಗೆ ಕರೆಂಟೂ ಬೇಡ.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಅಥವಾ ಹಾಗೆ ಅಂದುಕೊಂಡೆ.

ಆಗಸ್ಟ್ ಹೊತ್ತಿಗೆ ಅಂಕಿಗಳು ಹುಚ್ಚಾಪಟ್ಟೆ ಕುಣಿಯತೊಡಗಿದವು. ಒಂದು ದಿನ 160, ಮಾರನೇ ದಿನ 340, ಆಮೇಲೆ 110. ಡೋಸ್ ಒಂದೂವರೆ ಆಯಿತು, ಎರಡಾಯಿತು. ಮಹಾಲಯ ಅಮಾವಾಸ್ಯೆಯ ದಿನ ಹಿಂದಿನ ಮನೆಯವರು ಮಹಡಿ ಮೇಲೆ ಕಾಗೆಗೆ ಎಡೆ ಇಟ್ಟಿದ್ದರು. ಕಾಗೆ ಬರುವುದಕ್ಕೆ ಮುಂಚೆ ನಮ್ಮವನು ಹೋಗಿ ಪಾಯಸ ಮುಗಿಸಿದ್ದ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಹಿಡಿಯುವ ಜೀನ್ ಅದರಲ್ಲಿ ಕೆಟ್ಟು ಕೂತಿದೆ ಅಂತ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದಾರೆ. ಅವನು ಹೋಗಿದ್ದು ಹಾಲು ತುಪ್ಪದ ವಾಸನೆಗೆ. ಮೈಗೇನು, ಸಕ್ಕರೆ ಸಕ್ಕರೆಯೇ. ಸಂಜೆ 390. ಆ ಮನೆಯ ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ತಾತಂಗೂ ಶುಗರ್ ಇತ್ತು, ಬಿಡಿ" ಅಂದರು.

ಆದರೆ ನನಗೆ ಬೇರೆ ಪ್ರಶ್ನೆ. ಅವನು ಮಹಡಿ ಹತ್ತಿದ್ದು ಹೇಗೆ?

ಅವತ್ತು ರಾತ್ರಿ ಲೈಟ್ ಆರಿಸಿ ಹಜಾರದಲ್ಲಿ ಸುಮ್ನೆ ಕೂತೆ. ಒಂದೂವರೆ ಗಂಟೆಗೆ ಸ್ಟೂಲು ಅಲ್ಲಾಡಿತು. ಸ್ಟೂಲಿನಿಂದ ಮೆಷೀನು, ಮೆಷೀನಿನಿಂದ ಬೀರು. ಮೇಲಿಂದ ಕಟುಂ ಕಟುಂ ಸದ್ದು. ಕರಿಯಮ್ಮ ನನ್ನ ಕಾಲ ಬಳಿಯೇ ಮಲಗಿದ್ದಳು. ಇನ್ಸುಲಿನ್‌ನಿಂದ ಬೆಲ್ಲನ ನರ ಸುಧಾರಿಸಿತ್ತು, ಹಿಮ್ಮಡಿ ಎತ್ತಿ ನಡೆಯುತ್ತಿದ್ದ. ನಾನು ಅದನ್ನು ನೋಡಿ ಖುಷಿಪಟ್ಟಿದ್ದೆ ಬಿಟ್ಟರೆ, ನಡೆಯುವವನು ನೆಗೆಯುತ್ತಾನೆ ಅಂತ ಹೊಳೆದಿರಲಿಲ್ಲ. ಅದೇ ವಾರ ಇನ್ನೊಂದು ನೋಡಿದೆ. ಪುಟ್ಟಿ ಬೆಳೆದು ಕಿಂಡಿ ಬಿಗಿಯಾಗುತ್ತಿದೆ ಅಂತ ಒಂದು ಇಂಚು ಅಗಲ ಮಾಡಿಸಿದ್ದೆ. ಬೆಲ್ಲನ ಭುಜ ಈಗ ಅದರಲ್ಲಿ ನುಸುಳುತ್ತಿತ್ತು. ಅವನು ಕಾಯಿಲೆಯವನು ಅಂತ ನಂಬಿ ಮಾಡಿದ ಏರ್ಪಾಟೆಲ್ಲ ಅವನು ಹುಷಾರಾಗುತ್ತಿದ್ದಂತೆ ಕುಸಿಯಿತು.

ಡಾಕ್ಟ್ರಿಗೆ ಹೇಳಿದೆ. ಅವರು ನನ್ನ ಅಂಕಿಗಳ ಹಾಳೆ ನೋಡಿ ತಲೆ ಅಲ್ಲಾಡಿಸಿದರು. "ಕದ್ದು ತಿಂದಿದ್ದಕ್ಕೆ ನಾವು ಇನ್ಸುಲಿನ್ ಏರಿಸಿಕೊಂಡು ಬಂದಿದ್ದೀವಿ ಕಣಮ್ಮ. ಕದಿಯೋಕೆ ಸಿಗದೇ ಇದ್ದ ದಿನ ಏನಾಗುತ್ತೆ?" ಅದು ನನ್ನ ತಲೆಗೆ ಹೋಗಿರಲಿಲ್ಲ. ದಿನಾ ಒಂದೇ ಥರ ಕೆಟ್ಟ ಊಟವಾದರೂ ಅದಕ್ಕೆ ತಕ್ಕ ಡೋಸ್ ಹೊಂದಿಸಬಹುದು. ಒಂದು ದಿನ ಬೀರು ಹತ್ತಿ ತಿಂದು, ಮಾರನೇ ದಿನ ಹತ್ತದೆ ಇದ್ದರೆ, ಅದೇ 2 ಯೂನಿಟ್ ಅವನನ್ನು 46ಕ್ಕೆ ಇಳಿಸಬಹುದು. ಜೂನ್‌ನ ಆ ರಾತ್ರಿ ನೆನಪಾಯಿತು.

ಅಲ್ಲಿಗೆ ತೀರ್ಮಾನ ಮಾಡಿದೆ. ಮನೆಯಲ್ಲಿ ಕದಿಯೋಕೆ ಏನೂ ಇರಬಾರದು. ಬೆಲ್ಲನ ಊಟವೇ ಎಲ್ಲರ ಊಟ.

ಕೇಳೋಕೆ ಸುಲಭ. ನನ್ನ ಲೆಕ್ಕದಲ್ಲಿ ಒಂದು ಬೆಕ್ಕಿಗೆ ದಿನಕ್ಕೆ ಮೂರರ ಮೇಲೆ ಪೌಚ್ ಬೇಕು. ಮೂರು ಬೆಕ್ಕಿಗೆ ದಿನಾ ಹತ್ತು ಪೌಚ್ ಅಂದರೆ ಜೆರಾಕ್ಸ್ ಅಂಗಡಿ ಬೆಕ್ಕಿಗಾಗಿಯೇ ನಡೆಸಬೇಕು. ಉಳಿದ ದಾರಿ ಒಂದೇ, ಕೋಳಿ ಬೇಯಿಸುವುದು. ನಮ್ಮ ಮನೆಯಲ್ಲಿ! ನಾನು ಮೂರು ದಿನ ಬಾಯಿ ಬಿಡಲಿಲ್ಲ. ನನ್ನ ಗಂಡ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ, ಅವರಿಗೆ ಹೇಳಿದರೆ "ಅಮ್ಮನ್ನ ನೀನೇ ಕೇಳು" ಅಂದು ಮಲಗಿದರು. ಕೊನೆಗೆ ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಹುರಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಆಮೇಲೆ ಹೇಳಿದರು: "ಹಿತ್ತಲಲ್ಲಿ ಬೇಯಿಸು. ಪಾತ್ರೆ ಒಳಗೆ ತರಬೇಡ. ಸೋಮವಾರ ಬೇಡ."

ಹಿತ್ತಲಲ್ಲಿ ಹಳೇ ಒಂಟಿ ಬರ್ನರ್ ಸ್ಟೌ ಹಾಕಿದೆವು. ಮೆಟ್ಟಿಲ ಕೆಳಗೆ ಸೆಕೆಂಡ್ ಹ್ಯಾಂಡ್ ಚಿಕ್ಕ ಫ್ರಿಜ್ ಬಂತು. ಬೆಲ್ಲನ ಇನ್ಸುಲಿನ್ ಕೂಡ ಅತ್ತೆಯ ಇನ್ಸುಲಿನ್ ಪಕ್ಕದಿಂದ ಎದ್ದು ಅಲ್ಲಿಗೆ ಹೋಯಿತು. ಒಂದು ಲಾಭವೇ ಆಯಿತು ಅನ್ನಿ. ಕೋಳಿ ಅಂಗಡಿಗೆ ಮೊದಲ ದಿನ ಹೋದಾಗ ಎಷ್ಟು ಕೆಜಿ ಅಂದರೆ ಏನು ಹೇಳಬೇಕೋ ತಿಳಿಯದೆ "ಮೂರು ಬೆಕ್ಕಿಗೆ" ಅಂದೆ. ಈಗ ಅವರೇ ಮೂಳೆ ತೆಗೆದು, ಹೃದಯ, ಸ್ವಲ್ಪ ಲಿವರ್ ಬೇರೆ ಕಟ್ಟಿ ಇಟ್ಟಿರುತ್ತಾರೆ. ಲಿವರ್ ಸ್ವಲ್ಪವೇ ಇರಬೇಕು, ಜಾಸ್ತಿಯಾದರೆ ವಿಟಮಿನ್ ಎ ಮಿತಿಮೀರುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಹಾಳು ಮಾಡುತ್ತವೆ.

ಬರೀ ಬೇಯಿಸಿದ ಕೋಳಿ ಹಾಕಿ ನಿಶ್ಚಿಂತೆಯಾಗಿ ಇರುವವರನ್ನು ನೋಡಿದ್ದೇನೆ. ಅದು ಪೂರ್ತಿ ಊಟವಲ್ಲ. ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಟಾರಿನ್ ಅನ್ನುವ ಪೋಷಕಾಂಶ ಬೇಯಿಸಿದ ನೀರಿಗೆ ಇಳಿದು ಹೋಗುತ್ತದೆ, ಅದು ಸಾಲದೆ ಬಂದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹೋಗುತ್ತವೆ. ಡಾಕ್ಟ್ರು ಮೂವರ ತೂಕ ನೋಡಿ ಪುಡಿಗಳ ಅಳತೆ ಬರೆದುಕೊಟ್ಟರು. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಕಲಸುತ್ತೇನೆ. ಅರ್ಧ ಕೋಳಿ, ಅರ್ಧ ಪೌಚ್. ಸೋಮವಾರ ಪೂರ್ತಿ ಪೌಚ್. ಪುಟ್ಟಿಗೆ ಮರಿಗಳ ಪೌಚ್. ಅದರಲ್ಲೂ ಕಾರ್ಬೋಹೈಡ್ರೇಟ್ ಕಡಿಮೆ, ಬೆಲ್ಲ ಒಂದು ಬಾಯಿ ಹಾಕಿದರೂ ಭೂಮಿ ಬಾಯಿ ಬಿಡುವುದಿಲ್ಲ. ಕರಿಯಮ್ಮನಿಗೆ ವಯಸ್ಸಾಗಿದ್ದರಿಂದ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿ, ಸರಿ ಇದೆ ಅಂದ ಮೇಲೆಯೇ ಬದಲಾಯಿಸಿದ್ದು. ಕಿಡ್ನಿ ಸೋತ ಬೆಕ್ಕಿಗೆ ಈ ಊಟ ಆಗುತ್ತಿರಲಿಲ್ಲ.

ಬೆಲ್ಲನಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಪುಟ್ಟಿ ಕುಣಿದಾಡಿತು. ಕರಿಯಮ್ಮ ನನ್ನ ಮುಖ ನೋಡಿ, ತಟ್ಟೆಯ ಸುತ್ತ ನೆಲ ಕೆರೆದು, ಅದನ್ನು ಮುಚ್ಚುವ ಹಾಗೆ ಮಾಡಿ ಹೋದಳು. 13 ವರ್ಷ ಕಾಳು ತಿಂದವಳು. ಅವಳನ್ನು ಒಪ್ಪಿಸೋಕೆ ಆರು ವಾರ ಹಿಡಿಯಿತು. ಡ್ರೈ ಫುಡ್ಡನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಕೋಳಿಯ ಮೇಲೆ ಉದುರಿಸುವುದು, ಪ್ರತಿ ವಾರ ಒಂದು ಚಮಚ ಕಡಿಮೆ ಮಾಡುವುದು. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ಬಿಸಿನೀರಿನಲ್ಲಿ ಬಟ್ಟಲು ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ತಾಗಬೇಕು. ಆ ಆರು ವಾರ ಅವಳು ಊಟ ಮಾಡುವಾಗ ನಾನು ಕಾವಲು. ದಾಸೋಹದ ಬೋಗುಣಿಯನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಈಗ ಹೊತ್ತು ಹೊತ್ತಿಗೆ ಊಟ. ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಮೂವರಿಗೂ. ಮಧ್ಯಾಹ್ನ 2ಕ್ಕೆ ಅತ್ತೆ, ರಾತ್ರಿ 10ಕ್ಕೆ ನಾನು ಒಂದು ಚಿಕ್ಕ ಪಾಲು ಹಾಕುತ್ತೇವೆ. ಅದು ಇರುವುದು ಕರಿಯಮ್ಮನಿಗಾಗಿ, ಆದರೆ ಬೆಲ್ಲನಿಗೂ ಅವನ ದಿನದ ಅಳತೆಯಲ್ಲೇ ಒಂದು ಚಮಚ ಎತ್ತಿಟ್ಟಿರುತ್ತೇನೆ, ಇಲ್ಲದಿದ್ದರೆ ಜಗಳ. ಅರ್ಧ ಗಂಟೆ ಆದ ಮೇಲೆ ತಟ್ಟೆ ಎತ್ತುತ್ತೇವೆ. ನಮ್ಮ ಸೆಕೆಗೆ ಬೇಯಿಸಿದ ಕೋಳಿ ಅದಕ್ಕಿಂತ ಹೊತ್ತು ಇಡಲೂ ಬಾರದು. ಮೂರು ತಟ್ಟೆ ಮೂರು ಮೂಲೆಯಲ್ಲಿ, ಒಬ್ಬರ ಬೆನ್ನು ಒಬ್ಬರಿಗೆ ಕಾಣುವ ಹಾಗೆ. ಎದುರುಬದುರು ಕೂತರೆ ಬೆಲ್ಲ ಗಬಗಬ ನುಂಗಿ ಕಕ್ಕುತ್ತಾನೆ. ಇಂಜೆಕ್ಷನ್ ಕೊಟ್ಟ ಮೇಲೆ ಕಕ್ಕಿದರೆ ನನಗೆ ನಿದ್ದೆ ಇಲ್ಲ.

ಊಟ ಬದಲಾಯಿಸಿದ ದಿನಗಳಲ್ಲಿ ಕಿವಿ ಚುಚ್ಚುವುದನ್ನು ದಿನಕ್ಕೆ ನಾಲ್ಕು ಸಲ ಮಾಡಿದೆ. ಬಿಸಿ ಬಟ್ಟೆ ಒತ್ತಿ ಕಿವಿ ಬೆಚ್ಚಗೆ ಮಾಡಿ, ಅಂಚಿನಲ್ಲಿ ಚುಚ್ಚಿದರೆ ಒಂದು ಹನಿ ಬರುತ್ತದೆ. ಅದು ಸಾಕು. ನಮ್ಮದು ಮನುಷ್ಯರ ಗ್ಲುಕೋಮೀಟರ್. ಅದು ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಡಾಕ್ಟ್ರು ತಮ್ಮ ಮೆಷೀನಿನ ಜೊತೆ ಹೋಲಿಸಿ ನಮ್ಮ ಅಂಕಿಯನ್ನು ಹೇಗೆ ಓದಬೇಕು ಅಂತ ಹೇಳಿದ್ದಾರೆ. ಕಳ್ಳ ಊಟ ನಿಂತ ಹತ್ತನೇ ದಿನಕ್ಕೇ ಅಂಕಿ ಇಳಿಯತೊಡಗಿತು. ಡಾಕ್ಟ್ರು 2ರಿಂದ ಒಂದೂವರೆ, ಒಂದೂವರೆಯಿಂದ 1 ಮಾಡಿದರು. ಊಟದ ಕಾರ್ಬೋಹೈಡ್ರೇಟ್ ಇಳಿಸಿ ಡೋಸ್ ಹಾಗೇ ಬಿಟ್ಟಿದ್ದರೆ ಜೂನ್ ರಾತ್ರಿ ಮತ್ತೆ ಬರುತ್ತಿತ್ತು. ನೀವೂ ಊಟ ಬದಲಾಯಿಸುವುದಾದರೆ ಮೊದಲು ಫೋನ್ ಮಾಡಿ, ಆಮೇಲೆ ತಟ್ಟೆ ಬದಲಾಯಿಸಿ.

ಬೆಕ್ಕುಗಳು ದಾರಿಗೆ ಬಂದವು. ಜನ ಅಷ್ಟು ಸುಲಭವಲ್ಲ. ಪಕ್ಕದ ಮನೆ ಅಜ್ಜಿ ಒಂಬತ್ತು ವರ್ಷದಿಂದ ಬೆಲ್ಲನಿಗೆ ಹಾಲನ್ನ ಹಾಕುತ್ತಾ ಬಂದವರು. ಬೇಡ ಅಜ್ಜಿ ಅಂದರೆ, "ಒಂದು ತುತ್ತಿಗೆ ಏನಾಗುತ್ತವ್ವ, ಬಾಯಿಲ್ಲದ್ದು" ಅಂತಾರೆ. ಬೇಡ ಅನ್ನುವುದನ್ನು ಬಿಟ್ಟೆ. ಅವರ ಮನೆಯಲ್ಲಿ ಭಾನುವಾರ ಕೋಳಿ ಸಾರು. ಮಸಾಲೆ ಹಾಕುವ ಮೊದಲು ಬೆಂದ ಎರಡು ಚೂರು ತೆಗೆದು ಅವನಿಗೆ ಇಡಿ ಅಂತ ಕೇಳಿಕೊಂಡೆ. ಅಜ್ಜಿಗೆ ಅದು ಹಿಡಿಸಿತು. ಈಗ ಭಾನುವಾರದ ಬೆಳಗಿನ ಪಾಲಿನಲ್ಲಿ ಆ ಎರಡು ಚೂರನ್ನು ನಾನೇ ಕಡಿಮೆ ಮಾಡಿರುತ್ತೇನೆ.

ಇನ್ನೊಂದು ಗೊಂದಲ ನಮ್ಮ ಮನೆಯದೇ. ಪರೀಕ್ಷೆ ಸಮಯದಲ್ಲಿ ಅಂಗಡಿಯಲ್ಲಿ ರಾತ್ರಿ 8ರವರೆಗೂ ಜನ. ಆಗ ಸಂಜೆಯ ಇಂಜೆಕ್ಷನ್ ಅತ್ತೆ ಅಥವಾ ನನ್ನ ಗಂಡ. ಒಂದು ದಿನ ಯಾರು ಕೊಟ್ಟರು ಅಂತ ಇಬ್ಬರಿಗೂ ಗೊತ್ತಿಲ್ಲ. ಅವತ್ತು ಕೊಡಲಿಲ್ಲ. ಒಂದು ಹೊತ್ತು ತಪ್ಪಿದರೆ ಅಂಕಿ ಏರುತ್ತದೆ ಅಷ್ಟೆ, ಎರಡು ಸಲ ಹೋದರೆ ಬೆಕ್ಕೇ ಹೋಗಬಹುದು. ಮಾರನೇ ದಿನ ಅಂಗಡಿಯಲ್ಲೇ 31 ದಿನದ ಚೌಕಗಳ ಚಾರ್ಟ್ ಪ್ರಿಂಟ್ ಹಾಕಿ ಚಿಕ್ಕ ಫ್ರಿಜ್ ಮೇಲೆ ಅಂಟಿಸಿದೆ. ಚುಚ್ಚಿದವರು ಗೀಟು ಎಳೆಯಬೇಕು. ಎಷ್ಟು ತಿಂದ ಅಂತ ಬರೆಯಬೇಕು. ತಿಂಗಳಿಗೊಮ್ಮೆ ಅಣ್ಣನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಕ. ಕಳೆದ ತಿಂಗಳು 5.1. ಅಷ್ಟರಲ್ಲೇ ನಿಲ್ಲಿಸಿ ಅಂದಿದ್ದಾರೆ.

ರೌಡಿಗೆ ಮಾತ್ರ ಹಳೇ ಡ್ರೈ ಫುಡ್ ಮುಂದುವರಿದಿದೆ. ಎಲ್ಲರನ್ನೂ ಸಾಕುವ ಶಕ್ತಿ ನನಗಿಲ್ಲ. ಕಾಂಪೌಂಡ್ ಆಚೆ, ಅದೇ 7 ಗಂಟೆಗೆ, ತೆಂಗಿನ ಚಿಪ್ಪಿನಲ್ಲಿ. ಬೆಲ್ಲ ಒಳಗೆ ತಿನ್ನುತ್ತಿರುವಾಗ ರೌಡಿ ಹೊರಗೆ ಮುಗಿಸಬೇಕು. ಅವನು ಚಿಪ್ಪಿನಲ್ಲಿ ಒಂದು ಕಾಳೂ ಬಿಡುವುದಿಲ್ಲ, ಆ ಮಟ್ಟಿಗೆ ನಂಬಿಕಸ್ಥ.

ಬೆಲ್ಲನ ಡೋಸ್ ಈಗ ಅರ್ಧ ಯೂನಿಟ್. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಂತ ಬರುತ್ತದೆ. ಮುಂದಿನ ತಿಂಗಳು ಫ್ರಕ್ಟೋಸಮೈನ್ ನೋಡಿ ಯೋಚಿಸೋಣ ಅಂದಿದ್ದಾರೆ ಡಾಕ್ಟ್ರು. ನಾನು ಆಸೆ ಜಾಸ್ತಿ ಇಟ್ಟುಕೊಂಡಿಲ್ಲ, ಚಾರ್ಟ್ ಮಾತ್ರ ಇನ್ನೂ ಮೂರು ತಿಂಗಳಿನದು ಪ್ರಿಂಟ್ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಒಂದೇ ಗ್ಲುಕೋಮೀಟರ್‌ನಲ್ಲಿ ಮೊದಲು ಬೆಲ್ಲನದು, ಆಮೇಲೆ ಅತ್ತೆಯದು ನೋಡುತ್ತೇನೆ. ಸೂಜಿ ಬೇರೆ ಬೇರೆ. ಇವತ್ತು ಅವನದು 138, ಅವರದು 171. ಅತ್ತೆ ನಿನ್ನೆ ರಾತ್ರಿಯ ಬಾಳೆಹಣ್ಣಿನ ವಿಷಯ ಎತ್ತಬೇಡ ಅನ್ನುವ ಹಾಗೆ ನನ್ನ ಕಡೆ ನೋಡಿ, ಬೆಲ್ಲನ ತಟ್ಟೆ ತೊಳೆಯೋಕೆ ಎದ್ದರು.